ರಾಕ್ಷಸನ ಹರಿದ ಕಿವಿ

ಒಂದು ಮಾತು ಹೇಳಬಹುದಿತ್ತಲ್ಲ, ಬಾಯಿಗೆ ಬೀಗ ಹಾಕಿಕೊಂಡಿದ್ದನೇ ಅವನು? ಮಾಂಸದಂಗಡಿಯ ಬಂಡೆಯಣ್ಣನಿಗೆ ಇವತ್ತಿಗೂ ಇದೇ ಸಿಟ್ಟು. ಕತ್ತಿ ಮಸೆಯುವಾಗಲೆಲ್ಲ ಅದನ್ನೂ ಸೇರಿಸಿ ಮಸೆಯುತ್ತಾನೆ.

ಅವನು ಅಂದರೆ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಚಿತ್ರಗಾರ. ಮಂಗಾ, ಅಂದರೆ ಜಪಾನೀ ರೀತಿಯ ಚಿತ್ರಕಥೆ, ಬರೆಯುತ್ತಿದ್ದ. ತಾಯಿಯ ದನಿಯನ್ನು ಯಾರೋ ಕದ್ದರೆಂದು ಅದನ್ನು ಹುಡುಕಿ ಬೆಟ್ಟ ಹತ್ತುವ ಹುಡುಗನೊಬ್ಬನ ಕಥೆ. ತಿಂಗಳಿಗೊಂದು ತೆಳ್ಳನೆಯ ಪುಸ್ತಕ. ಪುಟಕ್ಕೊಂದು ತಲೆ ಉರುಳಬೇಕು, ಕರುಳು ಈಚೆ ಬರಬೇಕು. ಅದಕ್ಕೇ ಬೆಳಗಾದರೆ ಕೆಳಗಿಳಿದು ಮಾಂಸ ಕಡಿಯುವ ಕೊರಡಿನ ಪಕ್ಕ ನಿಲ್ಲುತ್ತಿದ್ದ.

"ಅಣ್ಣಾ, ಕತ್ತಿ ಮೂಳೆಗೆ ತಾಗಿದ್ರೆ ಯಾವ ಕಡೆ ಜಾರುತ್ತೆ?"

"ನಿನ್ನ ಕೈ ಕೊಡು, ತೋರಿಸ್ತೀನಿ," ಎಂದು ಬಂಡೆಯಣ್ಣ ನಗುತ್ತಿದ್ದ.

ಬಂಡೆಯಣ್ಣನ ಹನ್ನೆರಡು ವರ್ಷದ ಮಗಳು, ತಾಯಿಯಿಲ್ಲದ ಕೂಸು, ಆ ಪುಸ್ತಕಕ್ಕೆ ಜೀವ ಬಿಡುತ್ತಿದ್ದಳು.

ಒಂದು ದಿನ ಎದುರಂಗಡಿಯ ದರ್ಜಿ ಹಲ್ಲು ಕಿರಿದ. "ಏನಯ್ಯಾ, ಪುಸ್ತಕದಲ್ಲೂ ಕಡಿಯೋಕೆ ಶುರು ಮಾಡಿದ್ಯಾ? ಬೀದಿ ಮಕ್ಕಳೆಲ್ಲ ನಿನ್ನ ಮಗಳನ್ನ ರಾಕ್ಷಸನ ಮಗಳು ಅಂತಿದ್ದಾರೆ!"

ಬಂಡೆಯಣ್ಣ ಕೈಯ ರಕ್ತ ಒರೆಸಿಕೊಂಡು ಮಗಳ ಚೀಲದಿಂದ ಪುಸ್ತಕ ಎಳೆದ. ಎಲ್ಲ ಪುಸ್ತಕದ ಹಾಗೆ ಎಡಗಡೆಯಿಂದ ತೆಗೆದ. ರಾಕ್ಷಸನಿಗೆ ಮುರಿದ ಮೂಗು. ಸಂತೆಯ ಜಗಳದಲ್ಲಿ ಕೊಕ್ಕೆ ಸಿಕ್ಕಿ ಹರಿದ ತನ್ನದೇ ಎಡಗಿವಿ. ಮಾತಿಲ್ಲದ ಚಿತ್ರಗಳು. ರಾಕ್ಷಸ ಹುಡುಗನನ್ನು ಹೊತ್ತು ತರುತ್ತಾನೆ. ನೆಲಕ್ಕೆ ಹಾಕುತ್ತಾನೆ. ಎದೆಯನ್ನು ಅಂಗೈಯಲ್ಲಿ ಅದುಮುತ್ತಾನೆ. ಕತ್ತಿ ಎತ್ತುತ್ತಾನೆ. ಕತ್ತಿ ಎದೆಯೊಳಗೆ. ಹುಡುಗ ಒಬ್ಬನೇ, ರಕ್ತದ ಮಡುವಿನಲ್ಲಿ.

ಮಚ್ಚು ಕೈಗೆ ಬಂದದ್ದೂ ಮೆಟ್ಟಿಲು ಹತ್ತಿದ್ದೂ ಅವನಿಗೆ ನೆನಪಿಲ್ಲ. ಬಾಗಿಲು ಒಂದೇ ಒದೆತಕ್ಕೆ ಕಿತ್ತುಬಂತು. ಚಿತ್ರಗಾರನ ಕುತ್ತಿಗೆ ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದ. ಮೂಗಿನಿಂದ ಬಳಬಳ ಸುರಿದ ರಕ್ತ ಚೆಲ್ಲಿದ ಮಸಿಯೊಂದಿಗೆ ಬೆರೆಯಿತು.

"ಮಗೂನ ಕೊಲ್ಲೋನಾ ನಾನು? ಹಾಂ?"

"ಅಣ್ಣಾ, ನೀವದನ್ನ..." ಎನ್ನುವಷ್ಟರಲ್ಲಿ ಕುತ್ತಿಗೆಯ ಹಿಡಿತ ಬಿಗಿಯಾಯಿತು. ಮಚ್ಚಿನ ಬೆನ್ನು ಬಲಗೈಯ ಮೇಲೆ ಬಿತ್ತು. ಒಂದು. ಎರಡು. ಮೂರನೆಯ ಏಟಿಗೆ ಬೆರಳುಗಳು ಹಸಿ ಕಡ್ಡಿಗಳಂತೆ ಲಟಲಟ ಮುರಿದವು.

ಬಾಗಿಲಲ್ಲಿ ಮಗಳು ಕಿರುಚಿದಳು. "ಅಪ್ಪಾ! ಅದನ್ನ ಬಲಗಡೆಯಿಂದ ಓದ್ಬೇಕು!"

ಪುಸ್ತಕವನ್ನು ಹಿಂದಿನಿಂದ ತೆರೆದು ಒಂದೊಂದೇ ಪುಟ ತಿರುವಿ ತೋರಿಸಿದಳು. ಹುಡುಗ ಬಿದ್ದಿದ್ದಾನೆ, ಯಾರೋ ಚುಚ್ಚಿಹೋದ ಕತ್ತಿ ಎದೆಯಲ್ಲಿದೆ. ರಾಕ್ಷಸ ಬಂದು ಅದನ್ನು ಕೀಳುತ್ತಾನೆ, ಗಾಯ ಅದುಮುತ್ತಾನೆ, ಹೆಗಲಿಗೆ ಹಾಕಿಕೊಂಡು ಬೆಟ್ಟ ಹತ್ತುತ್ತಾನೆ.

"ನೀನು ಅವನನ್ನ ಉಳಿಸಿದ್ದು ಅಪ್ಪಾ. ನಿನ್ನ ಮುಖ ಬರೀರಿ ಅಂತ ನಾನೇ ಕೇಳಿದ್ದೆ."

ಹನ್ನೊಂದು ತಿಂಗಳು ಜೈಲು. ಚಿತ್ರಗಾರನ ಬೆರಳುಗಳು ಸೊಟ್ಟಗೆ ಕೂಡಿಕೊಂಡವು, ಲೇಖನಿ ಹಿಡಿಯಲಾಗಲಿಲ್ಲ. ಪುಸ್ತಕ ಅಲ್ಲಿಗೇ ನಿಂತಿತು.

ಬಿಡುಗಡೆಯಾದ ದಿನವೇ ಬಂಡೆಯಣ್ಣ ಮೇಲೆ ಹೋಗಿ, ಅದೇ ಮಸಿ ಕಲೆಯ ಮೇಜಿನ ಮೇಲೆ ತನ್ನ ಬಲಗೈ ಇಟ್ಟ. ಪಕ್ಕದಲ್ಲಿ ಮಚ್ಚು. "ಹೊಡಿ. ಅಲ್ಲಿಗಲ್ಲಿಗೆ ಸರಿಹೋಗ್ಲಿ."

ಚಿತ್ರಗಾರ ಮಚ್ಚನ್ನು ಪಕ್ಕಕ್ಕೆ ಸರಿಸಿದ. "ಇದನ್ನ ಮುರಿದು ನಾನೇನು ಮಾಡ್ಲಿ ಅಣ್ಣಾ? ಉಳಿದ ಕಥೆ ಇದು ಬರೆದುಕೊಡುತ್ತಾ?"

ಮಾರನೆಯ ವಾರ ಕೋಣೆ ಖಾಲಿ. ಎಲ್ಲಿಗೆ ಹೋದನೋ, ವಿಳಾಸವಿಲ್ಲ.

ಮಗಳು ಈಗ ದೊಡ್ಡವಳು. ಕಥೆ ಮುಂದೇನಾಗುತ್ತಿತ್ತೆಂದು ಅಪ್ಪನನ್ನು ಒಂದು ದಿನವೂ ಕೇಳಿದವಳಲ್ಲ. ಅವಳ ಕಪಾಟಿನಲ್ಲಿ ಆ ಕೊನೆಯ ಪುಸ್ತಕವಿದೆ. ಹರಿದ ಕಿವಿಯ ರಾಕ್ಷಸ ಇನ್ನೂ ಬೆಟ್ಟದ ಅರ್ಧದಲ್ಲೇ ಇದ್ದಾನೆ, ಹೆಗಲ ಮೇಲೆ ರಕ್ತ ಸೋರುವ ಹುಡುಗನನ್ನು ಹೊತ್ತುಕೊಂಡು.