ಮಗ್ಗದ ಕುಣಿಯಲ್ಲಿ ಕೂತವರು

ದುಡಿಯುವ ಮನುಷ್ಯರನ್ನು ಒಂದೊಂದು ಖಾನೆಗೆ ಹಾಕುವುದೇ ನನ್ನ ಹೊಟ್ಟೆಪಾಡು. ಕಾರ್ಮಿಕರ ಸಮೀಕ್ಷೆಗಾಗಿ ಮಕ್ತಲ್‌ನಿಂದ ಬಸ್ಸು ಹಿಡಿದು ಊರೂರು ತಿರುಗುತ್ತೇನೆ. ಸ್ವಂತ ಉದ್ಯೋಗವೋ, ಕೂಲಿಯೋ, ಮನೆಯ ಕಸುಬಿನಲ್ಲಿ ಸಹಾಯಕರೋ? ಒಬ್ಬರಿಗೆ ಒಂದೇ ಖಾನೆ. ಈ ಖಾನೆಗಳನ್ನು ಮಾಡಿದ ಪುಣ್ಯಾತ್ಮರು ನಮ್ಮ ಕಡೆಯ ಒಂದು ಮನೆಯಲ್ಲಾದರೂ ಕೂತು ಚಹಾ ಕುಡಿದಿದ್ದರೆ ಚೆನ್ನಾಗಿತ್ತು ಎಂದು ಬೈದುಕೊಳ್ಳುತ್ತಲೇ ತಿರುಗುತ್ತೇನೆ.

ಕಳೆದ ಬೇಸಿಗೆಯಲ್ಲಿ ನಾರಾಯಣಪೇಟೆಯ ಒಂದು ನೇಕಾರರ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು, ಒಳಗೆ ಮಗ್ಗದ ಸದ್ದು. "ಯಾರದೀರ್ರೀ?" ಎಂದೆ. ಸದ್ದು ನಿಂತಿತು. "ಬಂದೆನ್ರೀ, ತಡೀರಿ" ಎಂದಿತು ಹೆಣ್ಣುದನಿ. ಇಣುಕಿ ನೋಡುವುದು ಕೆಟ್ಟ ಚಟ, ಆದರೂ ನೋಡಿದೆ. ಐವತ್ತು ದಾಟಿದ ಹೆಂಗಸೊಬ್ಬರು, ಕಾಲಿಳಿಸಿ ತುಳಿಯಲು ನೆಲದಲ್ಲಿ ತೋಡಿದ ಮಗ್ಗದ ಕುಣಿಯಿಂದ ಮೇಲೆದ್ದರು. ಗೋಡೆಗೆ ಒರಗಿ ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದ ಗಂಡನನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಮಗ್ಗದ ಮುಂದೆ ಕೂರಿಸಿದರು. ಅವರ ಒಂದು ಕಾಲನ್ನು ಎರಡೂ ಕೈಯಿಂದ ಎತ್ತಿ ಕುಣಿಯೊಳಗೆ ಇಳಿಸಿ, ಪಾದವನ್ನು ತುಳಿಯುವ ಹಲಗೆಯ ಮೇಲೆ ಮೆಲ್ಲಗೆ ಇಟ್ಟರು. ಆಮೇಲೆ ಎತ್ತಿ ಕಟ್ಟಿದ ಸೀರೆ ಇಳಿಸಿಕೊಂಡು ನಗುತ್ತಾ ಬಾಗಿಲಿಗೆ ಬಂದರು.

ಏನೂ ನೋಡದವಳ ಹಾಗೆ ಒಳಗೆ ಹೋಗಿ ಕೂತು ಟ್ಯಾಬ್ ತೆಗೆದೆ.

"ಹೋದ ವಾರ ಯಾರ್ಯಾರು ಏನೇನು ಕೆಲಸ ಮಾಡೀರಿ?"

"ಇವರು ನೇಯ್ತಾರ್ರಿ. ಈ ಓಣ್ಯಾಗ ಇವರಂಗ ಅಂಚು ನೇಯಾವ್ರು ಇಲ್ರಿ" ಎಂದರು ಆಕೆ. "ನಂದೇನೈತ್ರಿ, ಕಂಡಿಕಿ ಸುತ್ತಿ ಕೊಡ್ತೀನಿ."

ಹಾಗೇ ಬರೆದರೆ ಸುಳ್ಳು. ಬರೆಯದಿದ್ದರೆ ಆಕೆ ಇಷ್ಟು ಕಷ್ಟಪಟ್ಟು ಕಾಪಾಡಿದ ಗಂಡನ ಮಾನ ನನ್ನ ಕೈಯಲ್ಲೇ ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾದೆ. ಟ್ಯಾಬ್ ಕೆಟ್ಟಿದೆ ಎಂದು ನೆಪ ಹೇಳಿ ಎದ್ದುಬಿಡೋಣವೇ ಎನಿಸಿತು.

ಯಜಮಾನರು ಲಾಳಿಯ ಮೇಲಿಂದ ಕೈ ತೆಗೆದರು. "ಖರೆ ಇದ್ದದ್ದು ಬರಕೋರಿ ಅವ್ವಾ. ಲಕ್ವಾ ಹೊಡದ ಮ್ಯಾಲ ಈ ಕಾಲಿಗಿ ತುಳ್ಯಾಕ ಬರಂಗಿಲ್ಲ. ನೇಯಾಕಿ ಈಕಿ. ಬಾಗಲಿಗಿ ಯಾರರ ಬಂದ್ರ ಎದ್ದು ನನ್ನ ಕುಂದರಸ್ತಾಳ."

"ಸುಮ್ಕಿರ್ರಿ, ಮಂದಿ ಏನಂತಾರ!" ಎಂದು ಆಕೆ ಸಿಡುಕಿದರು. ಕಣ್ಣು ತುಂಬಿತ್ತು.

"ಮಂದಿಗಿ ಗೊತ್ತ ಐತಿ ತಗಿ. ಮಗ್ಗದ ಸದ್ದು ಕೇಳಿದ್ರ ತುಳ್ಯಾ ಕಾಲು ಯಾರದು ಅಂತ ಓಣಿಗೆಲ್ಲ ತಿಳೀತೈತಿ. ನಿನ್ನ ಮುಖ ನೋಡಿ ಸುಮ್ಕದಾರ."

ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎನ್ನುತ್ತಾರೆ. ಈ ಓಣಿ ತಾನಾಗಿಯೇ ಬಾಯಿ ಮುಚ್ಚಿಕೊಂಡಿತ್ತು. ಅಲ್ಲಿನ ಜನರ ಮೇಲೆ ನನಗೆ ಬಹಳ ಪ್ರೀತಿ ಬಂತು.

ಆಕೆಯ ಹೆಸರಿನ ಮುಂದೆ ಸ್ವಂತ ಉದ್ಯೋಗ ಎಂದು ಒತ್ತಿದೆ. ಯಜಮಾನರಿಗೆ ಉಳಿದ ಖಾನೆಯನ್ನು ತಲೆ ಎತ್ತದೆ ಓದಿದೆ: "ಮನೆಯ ಕಸುಬಿನಲ್ಲಿ ಸಹಾಯಕ."

ಅವರು ನಕ್ಕರು. "ಸರಿ ಐತಿ ಬಿಡ್ರಿ. ಲಗ್ನ ಆದಾಗಿಂದ ಈಕಿ ನನಗ ಸಹಾಯಕಿ ಇದ್ಲು. ಈಗ ನನ್ನ ಪಾಳಿ."

ಹೆಂಡತಿಯತ್ತ ಕೈ ಚಾಚಿದರು. "ಎಬ್ಬಸು. ನಾ ಕುಂತಿರೋದು ನಿನ್ನ ಜಾಗದಾಗ."