ಕುಂಕುಮದ ಕೆಳಗಿದ್ದ ಸ್ಟಿಕ್ಕರು

ನನ್ನ ಕಂಪ್ಯೂಟರನ್ನು ಗುಜರಿಗೆ ಹಾಕಿ ಅಂದವನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಈಗ ನೆನೆಸಿಕೊಂಡರೂ ಕಿವಿ ಬಿಸಿಯಾಗುತ್ತದೆ. ಸಿಟ್ಟು ನನ್ನ ಹುಟ್ಟುಗುಣ. ಕಿರಂಗೂರಿನ ತವರುಮನೆಯಲ್ಲಿ ನನ್ನನ್ನು ಮೆಣಸಿನಕಾಯಿ ಅಂತಲೇ ಕರೆಯುತ್ತಿದ್ದರು. ನಾಗಮಂಗಲಕ್ಕೆ ಸೊಸೆಯಾಗಿ ಬಂದ ಮೇಲೂ ಅದೇನೂ ತಣ್ಣಗಾಗಲಿಲ್ಲ.

ತಾಲ್ಲೂಕು ಆಫೀಸಿನ ಹತ್ತಿರ ನನ್ನದೊಂದು ಪುಟ್ಟ ಅಂಗಡಿ. ಪಹಣಿ, ಜಾತಿ ಸರ್ಟಿಫಿಕೇಟು, ಪಿಂಚಣಿ ಅರ್ಜಿ, ಏನು ಬೇಕಾದರೂ ಅಲ್ಲಿ ಆಗುತ್ತದೆ. ಶುರು ಮಾಡಿದ್ದು ನನ್ನ ಯಜಮಾನರು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ತಿಥಿ ಮುಗಿದ ವಾರಕ್ಕೇ ಅವರ ಕುರ್ಚಿಯಲ್ಲಿ ನಾನು ಕೂತೆ. ‘ಹೆಣ್ಣೆಂಗಸು ಇದ್ನೆಲ್ಲ ನಡುಸ್ತಾಳಾ’ ಅಂತ ಬೀದಿಯಲ್ಲಿ ಮಾತಾಡಿದವರ ಅರ್ಜಿಗಳನ್ನೂ ಆಮೇಲೆ ನಾನೇ ತುಂಬಿಕೊಟ್ಟೆ.

ಅರ್ಜಿ ಹಾಕಲು ನಮ್ಮಂಥ ಅಂಗಡಿಗಳಿಗೆ ಒಂದು ಲಾಗಿನ್ ಕೊಟ್ಟಿರುತ್ತಾರೆ. ಕೊಟ್ಟವರಿಂದಲೇ ಒಂದು ದಿನ ಮೊಬೈಲಿಗೆ ಸಂದೇಶ ಬಂತು. ಸೋಮವಾರದೊಳಗೆ ಹೊಸ ವಿಂಡೋಸ್ ಹಾಕಿಕೊಳ್ಳದಿದ್ದರೆ ಲಾಗಿನ್ ಬಂದ್ ಅಂತೆ. ಲಾಗಿನ್ ಹೋದರೆ ನನ್ನ ಅಂಗಡಿಯೇ ಹೋದಂತೆ. ಹೊಸ ಕಂಪ್ಯೂಟರ್ ತರುವ ಶಕ್ತಿ ನನಗಿರಲಿಲ್ಲ.

ಶನಿವಾರ ರಿಪೇರಿಯವನನ್ನು ಕರೆಸಿದೆ. ಪಾಂಡವಪುರದವನು, ನಡುವಯಸ್ಸಿನವನು. ಕೆ.ಆರ್.ಪೇಟೆಯಿಂದ ನಾಗಮಂಗಲದವರೆಗೆ ನಮ್ಮಂಥ ಅಂಗಡಿಗಳಿಗೆಲ್ಲ ಅವನೇ ಡಾಕ್ಟರು. ನನ್ನ ಕಂಪ್ಯೂಟರಿಗೆ ಮೊದಲು ವಿಂಡೋಸ್ ಹಾಕಿಕೊಟ್ಟವನೂ ಅವನೇ. ಅದೇನೋ ಪರೀಕ್ಷೆ ಓಡಿಸಿದ, ಪರದೆಯ ಮೇಲೆ ಕೆಂಪು ಗುರುತು ಬಂತು.

“ಅಕ್ಕಾ, ಇದು ಹಳೇ ಬಯಾಸ್ ಮಿಷಿನ್ನು. ಯುಇಎಫ್‌ಐ ಇಲ್ಲ ಇದ್ರಲ್ಲಿ. ಹೊಸ ವಿಂಡೋಸ್ ಜಪ್ಪಯ್ಯ ಅಂದ್ರೂ ಕೂರಕಿಲ್ಲ” ಅಂದ. ಸಿಪಿಯು ಡಬ್ಬದ ಕಡೆ ಕೈ ತೋರಿಸಿ, “ನೋಡಿ ಎಂಗಾಗದೆ, ಯಾವ ಕಾಲದ್ದೋ ಏನೋ. ಗುಜರಿಗಾಕಿ. ಸೋಮವಾರ ಬೆಳಿಗ್ಗೆ ಹೊಸದು ತಂದ್ಬುಡ್ತೀನಿ.”

ಡಬ್ಬ ಹಾಗೆ ಕಾಣುತ್ತಿದ್ದದ್ದು ನಿಜ. ಅದಕ್ಕೆ ಕಾರಣ ನಮ್ಮತ್ತೆ. ವರ್ಷ ವರ್ಷ ಆಯುಧಪೂಜೆಯ ದಿನ ಡಬ್ಬದ ಮುಖಕ್ಕೆ ಅರಿಶಿನ ಕುಂಕುಮ ಕಲೆಸಿ ಅಂಗೈಯಗಲ ಮೆತ್ತುತ್ತಾರೆ. ನಾಲ್ಕು ವರ್ಷದಿಂದ ನನ್ನ ಹಣೆ ಬರಿದು. ಮನೆಯ ರೂಢಿಯಂತೆ ನಾನು ಕುಂಕುಮದ ಬಟ್ಟಲು ಮುಟ್ಟುವ ಹಾಗಿಲ್ಲ. ಮಾವ ಗಟ್ಟಿಮುಟ್ಟಾಗಿ ತೆಂಗಿನತೋಟ ನೋಡಿಕೊಂಡಿದ್ದಾರೆ, ಅತ್ತೆ ಮುತ್ತೈದೆ, ಪೂಜೆ ಅವರದೇ. ಇಟ್ಟ ಕುಂಕುಮ ಅಳಿಸಬಾರದು ಅನ್ನುವುದೂ ಅವರದೇ ಕಾನೂನು. ಹಾಗಾಗಿ ಒಂದು ವರ್ಷದ್ದರ ಮೇಲೆ ಇನ್ನೊಂದು ವರ್ಷದ್ದು ಕೂತು, ಡಬ್ಬ ಕಪ್ಪುಗಟ್ಟಿ ಹೋಗಿತ್ತು.

ಭಾನುವಾರ ಬಾಗಿಲು ಅರ್ಧ ಎಳೆದುಕೊಂಡು ಮೊಬೈಲ್ ಹಿಡಿದು ಕೂತೆ. ಈ ಯುಇಎಫ್‌ಐ ಅನ್ನೋದು ಏನು ಮಹಾ, ನೋಡೇಬಿಡೋಣ ಅಂತ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ವಿಂಡೋಸನ್ನು ಎಬ್ಬಿಸಿ ಕೂರಿಸುವ ಒಳಗಿನ ಏರ್ಪಾಡು ಅದು, ಅಷ್ಟೇ. ಹಳೆಯ ಏರ್ಪಾಡಿಗೆ ಬಯಾಸ್ ಅಂತಾರೆ, ಹೊಸದಕ್ಕೆ ಯುಇಎಫ್‌ಐ. ನಮ್ಮ ವಿಂಡೋಸ್ ಯಾವುದರಲ್ಲಿ ಕೂತಿದೆ ಅಂತ ನೋಡುವುದೂ ಸುಲಭ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂಎಸ್‌ಇನ್ಫೋ32 ಅಂತ ಟೈಪ್ ಮಾಡಿ ಎಂಟರ್ ಕೊಟ್ಟರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ‘ಬಯಾಸ್ ಮೋಡ್’ ಅನ್ನುವ ಸಾಲು ನೋಡಬೇಕು. ನೋಡಿದೆ. ಎದುರಿಗೆ ‘ಲೆಗಸಿ’ ಅಂತಿತ್ತು. ಅಂದರೆ ಹಳೆಯದೇ.

ಆದರೆ ಅದರ ಕೆಳಗೆ ಇನ್ನೊಂದು ಮಾತೂ ಬರೆದಿತ್ತು ಮೊಬೈಲಿನಲ್ಲಿ. ಆ ಸಾಲು ಹೇಳುವುದು ವಿಂಡೋಸನ್ನು ಹೇಗೆ ಹಾಕಿದ್ದಾರೆ ಅನ್ನುವುದನ್ನು ಮಾತ್ರ, ಮಿಷಿನ್ನಿಗೆ ಏನೇನು ತಾಕತ್ತಿದೆ ಅನ್ನುವುದನ್ನಲ್ಲ. ಅದನ್ನು ತಿಳಿಯಲು ಮಾಡೆಲ್ ನಂಬರು ಬೇಕು, ಪಟ್ಟಿಯಲ್ಲಿ ಆ ಜಾಗ ಖಾಲಿಯಿತ್ತು. ನಂಬರಿನ ಸ್ಟಿಕ್ಕರು ಡಬ್ಬದ ಮುಖದ ಮೇಲಿರುತ್ತದೆ. ನಮ್ಮದರಲ್ಲಿ ಅದು ಅತ್ತೆಯ ಕುಂಕುಮದ ಕೆಳಗಿತ್ತು.

ಕೊಬ್ಬರಿ ಎಣ್ಣೆ ತಂದು ಹಳೇ ಸೀರೆ ತುಂಡಲ್ಲಿ ಉಜ್ಜತೊಡಗಿದೆ. ಅತ್ತೆ ಊಟದ ಬುತ್ತಿ ತಂದವರು ಬಾಗಿಲಲ್ಲೇ ನಿಂತರು.

“ಏನಮ್ಮಿ ಅದು, ಪೂಜೆ ಕುಂಕ್ಮ ಅಳಿಸ್ತಾ ಕುಂತಿದ್ದೀಯಲ್ಲ?”

“ಸುಮ್ಕಿರಿ ಅತ್ತೆಮ್ಮ. ಈ ಡಬ್ಬ ಬದುಕಿದ್ರೆ ತಾನೆ ಮುಂದಿನ ವರ್ಷ ಪೂಜೆ” ಅಂದೆ.

ಸ್ಟಿಕ್ಕರು ಕಂಡಿತು. ನಂಬರು ಹಾಕಿ ಮೊಬೈಲಿನಲ್ಲಿ ಹುಡುಕಿದೆ. ಯುಇಎಫ್‌ಐ ಉಂಟು, ಹೊಸ ವಿಂಡೋಸ್ ಕೇಳುವ ಮಿಕ್ಕಿದ್ದೆಲ್ಲವೂ ಉಂಟು. ಮಿಷಿನ್ನಿಗೆ ಏನೂ ಕೊರತೆ ಇರಲಿಲ್ಲ. ಆ ರಿಪೇರಿ ಮಹಾರಾಯ ಯಾವತ್ತಿನಂತೆ ತನ್ನ ಹಳೇ ಪೆನ್‌ಡ್ರೈವ್ ಚುಚ್ಚಿ, ಹಳೇ ಪದ್ಧತಿಯಲ್ಲೇ ವಿಂಡೋಸ್ ಹಾಕಿಹೋಗಿದ್ದ. ಸಿಟ್ಟು ನೆತ್ತಿಗೇರಿತು.

ಆ ಸಿಟ್ಟಲ್ಲೇ ಎಡವಟ್ಟು ಮಾಡಿಕೊಂಡೆ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ, ಒಳಗಿನ ಸೆಟ್ಟಿಂಗಿಗೆ ಹೋಗಿ, ಲೆಗಸಿ ತೆಗೆದು ಯುಇಎಫ್‌ಐ ಇಟ್ಟೆ. ಪರದೆ ಕಪ್ಪಾಯಿತು. ಎಬ್ಬಿಸಲು ಡಿಸ್ಕೇ ಇಲ್ಲ ಅಂತ ಒಂದು ಸಾಲು ಬಂದು ನಿಂತಿತು.

“ನಾ ಯೋಳ್ನಿಲ್ವಾ? ಕುಂಕ್ಮ ಅಳಿಸ್ದೆ, ಮಲಿಕ್ಕಂತು” ಅಂದರು ಅತ್ತೆ.

ಮತ್ತೆ ಲೆಗಸಿ ಇಟ್ಟೆ. ವಿಂಡೋಸ್ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು. ಮೊಬೈಲಿನಲ್ಲಿ ಮತ್ತೆ ಹುಡುಕಿದಾಗ ತಿಳಿಯಿತು, ಸೆಟ್ಟಿಂಗ್ ಬದಲಿಸುವ ಮುಂಚೆ ಡಿಸ್ಕನ್ನು ಹೊಸ ಏರ್ಪಾಡಿಗೆ ಒಗ್ಗಿಸಬೇಕು. ಅದಕ್ಕೆ ವಿಂಡೋಸಿನಲ್ಲೇ ಒಂದು ಆಜ್ಞೆ ಇದೆ. ಈ ಸಲ ನಿಧಾನಕ್ಕೆ ಹೋದೆ. ಎಲ್ಲ ಫೈಲುಗಳನ್ನೂ ಪೆನ್‌ಡ್ರೈವಿಗೆ ಕಾಪಿ ಮಾಡಿಟ್ಟೆ. ಆಜ್ಞೆಯನ್ನು ಅಕ್ಷರ ಅಕ್ಷರ ನೋಡಿಕೊಂಡು ಟೈಪ್ ಮಾಡಿದೆ. ಆಯಿತು ಅಂತ ಬಂದ ಮೇಲೆ ಸೆಟ್ಟಿಂಗಿಗೆ ಹೋಗಿ ಯುಇಎಫ್‌ಐ ಇಟ್ಟು, ಕಣ್ಣು ಮುಚ್ಚಿಕೊಂಡೆ.

“ಎದ್ದಂಗದೆ ನೋಡಮ್ಮಿ” ಅಂದರು ಅತ್ತೆ.

ಮತ್ತೆ ಅದೇ ಪಟ್ಟಿ ತೆರೆದೆ. ಬಯಾಸ್ ಮೋಡ್ ಎದುರಿಗೆ ‘ಯುಇಎಫ್‌ಐ’ ಅಂತಿತ್ತು. ಅತ್ತೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅವರಿಗೆ ಏನಾಯಿತೆಂದು ಅರ್ಥವಾಗಲಿಲ್ಲ, ಆದರೂ ಬೆನ್ನು ಸವರಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಸ ವಿಂಡೋಸ್ ನನ್ನ ಹಳೇ ಡಬ್ಬದಲ್ಲಿ ಓಡುತ್ತಿತ್ತು.

ಸೋಮವಾರ ಬೆಳಿಗ್ಗೆ ರಿಪೇರಿಯವನು ಹೊಸ ಕಂಪ್ಯೂಟರಿನ ಪೆಟ್ಟಿಗೆ ಹೊತ್ತುಕೊಂಡೇ ಒಳಗೆ ಬಂದ. ನಾನು ಆ ಪಟ್ಟಿ ತೆರೆದಿದ್ದ ಪರದೆಯನ್ನು ಅವನ ಕಡೆ ತಿರುಗಿಸಿದೆ. ಓದಿದ, ಮತ್ತೊಂದು ಸಲ ಓದಿದ, ಪೆಟ್ಟಿಗೆ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತ.

“ಅಕ್ಕಾ, ಓದ್ವಾರ ಮೂರು ಮಿಷಿನ್ನು ಗುಜರಿಗಾಕ್ಸಿದೆ. ಅದ್ರಲ್ಲಿ ಒಂದು ನಂದೇಯ” ಅಂದ.

ರಾತ್ರಿಯಿಂದ ಜೋಡಿಸಿಟ್ಟುಕೊಂಡಿದ್ದ ಬೈಗುಳ ಗಂಟಲಲ್ಲೇ ಉಳಿಯಿತು. ಉಳಿಯಿತು ಅಂದರೆ ಸುಳ್ಳಾದೀತು, ಒಂದೆರಡು ಹೊರಗೂ ಬಂದವು. ಅವನು ತಲೆ ಬಗ್ಗಿಸಿ ಕೇಳಿಸಿಕೊಂಡ. ಆಮೇಲೆ, “ಒಸಿ ತೋರ್ಸಿ ಅಕ್ಕಾ, ಅದೆಂಗೆ ನೋಡದು” ಅಂದ. ತೋರಿಸಿಕೊಟ್ಟೆ. ಅಂಗಡಿ ಮುಂದೆ ಅರ್ಜಿ ಹಿಡಿದು ನಿಂತಿದ್ದವರೆಲ್ಲ, ನಾಗಮಂಗಲದ ಹೆಂಗಸು ಪಾಂಡವಪುರದ ಡಾಕ್ಟರಿಗೆ ಪಾಠ ಹೇಳುವುದನ್ನು ಕಣ್ಣಾರೆ ನೋಡಿದರು. ನಾನೂ ಸ್ವಲ್ಪ ಜೋರಾಗಿಯೇ ಹೇಳಿದೆ.

ಅಷ್ಟರಲ್ಲಿ ಅತ್ತೆ ಕುಂಕುಮದ ಬಟ್ಟಲು ಹಿಡಿದು ಬಂದರು. ಎಲ್ಲ ಸಸೂತ್ರವಾಯಿತಲ್ಲ, ಡಬ್ಬಕ್ಕೆ ಪೂಜೆ ಮಾಡಬೇಕಂತೆ. ನಾನು ಸ್ಟಿಕ್ಕರಿನ ಮೇಲೆ ಅಂಗೈ ಅಡ್ಡ ಇಟ್ಟೆ.

“ಇಲ್ಲಿ ಬ್ಯಾಡ ಅತ್ತೆಮ್ಮ, ಬ್ಯಾರೆ ಎಲ್ಲಾರ ಇಕ್ಕಿ.”

ಅತ್ತೆ ಒಂದು ಗಳಿಗೆ ಡಬ್ಬ ನೋಡಿದರು, ನನ್ನ ಮುಖ ನೋಡಿದರು. “ಇಲ್ಲಿಕ್ತೀನಿ ಬುಡು” ಅಂದವರೇ, ಅಷ್ಟು ಜನರ ಎದುರಿಗೆ, ನನ್ನ ಹಣೆಗೆ ಕಾಸಿನಗಲ ಕುಂಕುಮ ಇಟ್ಟರು.

ಸಾಲಿನ ಮೊದಲಲ್ಲಿದ್ದ ಅಜ್ಜಿ ಪಿಂಚಣಿ ಅರ್ಜಿಯನ್ನು ಮುಂದಕ್ಕೆ ತಳ್ಳಿ, “ನಂದೇ ಮೊದ್ಲು ಕಣವ್ವ” ಅಂದಳು. ನಾನು ಹಣೆ ಒರೆಸಿಕೊಳ್ಳದೆ ಅವಳ ಹೆಸರು ಟೈಪ್ ಮಾಡತೊಡಗಿದೆ.