ಡಬ್ಬಿಯ ತಳದ ಹುಣಸೆಬೀಜ

ನೀರು ತುಂಬಿದ್ದು, ಬಟ್ಟೆ ಒಗೆದು ಹಿತ್ತಲಲ್ಲಿ ಒಣಹಾಕಿದ್ದು, ಹಾಸಿಗೆ ಬಿಸಿಲಿಗೆ ಹರವಿದ್ದು, ಹುಣಸೆಹಣ್ಣು ಕುಟ್ಟಿ ಬೀಜ ತೆಗೆದದ್ದು, ರೊಟ್ಟಿ ಬಡಿದದ್ದು. ಆ ಭಾನುವಾರ ಮಧ್ಯಾಹ್ನದೊಳಗೆ ಇಷ್ಟು ಮುಗಿದಿತ್ತು. ಅರವತ್ತರ ದಶಕದ ಕೊನೆಯ ವರ್ಷಗಳು. ಧಾರವಾಡದಲ್ಲಿ ನಮ್ಮದು ಎರಡು ಖೋಲಿಯ ಮನೆ. ನನ್ನ ಯಜಮಾನರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು.

ಅವರ ಜೊತೆ ಕಲಿಸುವ ಬಾಯಿಯೊಬ್ಬರು, ಅಂದರೆ ಅಧ್ಯಾಪಕಿ, ಹುಬ್ಬಳ್ಳಿಯ ಬೆಂಗೇರಿಯಿಂದ ಬಂದರು. ಹತ್ತಿಗಿಡದ ಕಾಯಿಗಳ ಮೇಲೆ ಅವರು ಪ್ರಬಂಧ ಬರೆಯುತ್ತಿದ್ದರು. ಅದರ ಲೆಕ್ಕ ಮುಂಬೈಯ ಗಣಕಯಂತ್ರದಲ್ಲಿ ಆಗಬೇಕಿತ್ತು. ಹಿಂದೊಮ್ಮೆ ಇಬ್ಬರೂ ತರಬೇತಿಗೆ ಹೋಗಿ ಒಂದು ಯಂತ್ರದ ಭಾಷೆ ಕಲಿತು ಬಂದಿದ್ದರು. ಈಗ ಅಲ್ಲಿಗೆ ಬಂದ ಹೊಸ ಯಂತ್ರಕ್ಕೆ ಫೋರ್ಟ್ರಾನ್ ಎಂಬ ಬೇರೆ ಭಾಷೆಯೇ ಬೇಕು. ಕಲಿಯಲು ಇದ್ದದ್ದು ಒಂದೇ ಇಂಗ್ಲಿಷ್ ಪುಸ್ತಕ, ಅದೂ ಏನೂ ಗೊತ್ತಿಲ್ಲದವರಿಗೆಂದು ಬರೆದದ್ದು. ಒಂದು ಭಾಷೆ ಬಲ್ಲವರು ಇನ್ನೊಂದಕ್ಕೆ ಬರುವಾಗ ಎಲ್ಲಿ ಎಡವುತ್ತಾರೆ ಎನ್ನುವುದು ಅದರಲ್ಲಿಲ್ಲ. ಬಾಯಿಯವರು ಯಂತ್ರಕ್ಕೆ ಸೂಚನೆಗಳನ್ನು ಬರೆದು ಅಂಚೆಗೆ ಹಾಕಿದ್ದಕ್ಕೆ ತಪ್ಪು ಮೊತ್ತಗಳೇ ತಿರುಗಿ ಬಂದಿದ್ದವು. ತಿದ್ದಿ ಮರುದಿನದ ಅಂಚೆಗೆ ಕೊಡದಿದ್ದರೆ ಯಂತ್ರದ ಪಾಳಿ ತಪ್ಪುತ್ತಿತ್ತು, ಪ್ರಬಂಧ ಮುಂದಿನ ವರ್ಷಕ್ಕೆ ಬೀಳುತ್ತಿತ್ತು.

"ಯಂತ್ರ ಇಲ್ಲಂದ್ರ ಏನಾತ್ರಿ ಬಾಯಾರ, ನಾವs ಯಂತ್ರ ಆಗೂಣು," ಎಂದ ಯಜಮಾನರು ಒಳಗೆ ಕೂಗಿದರು: "ಏ, ಸಣ್ಣ ಡಬ್ಬಿ ಎಲ್ಲಾ ತಗೊಂಡ ಬಾ! ಹುಣಸಿಬೀಜಾನೂ ತಾ."

ತಿಂಗಳ ಕೊನೆ. ಬೇಳೆಯದು, ಸಕ್ಕರೆಯದು, ಪುಟಾಣಿಯದು, ಎಲ್ಲ ಡಬ್ಬಿಯೂ ಬರಿದು. ಪರಾತದಲ್ಲಿಟ್ಟು ಒಯ್ದರೆ ಠಣಠಣ ಎನ್ನುತ್ತವೆ, ಅದೂ ಇಸ್ತ್ರಿ ಸೀರೆಯ ಆ ಬಾಯಿಯವರ ಮುಂದೆ. ಒಳಗೆ ಕಾಳು ಇದ್ದಂತೆ ಸಪ್ಪಳವಾಗಲಿ ಎಂದು ಡಬ್ಬಿಗೊಂದು ಹಿಡಿ ಹುಣಸೆಬೀಜ ಹಾಕಿ ಮುಚ್ಚಿ, ಉಳಿದ ಬೀಜವನ್ನೂ ಜೊತೆಗೆ ಒಯ್ದು ಕೊಟ್ಟೆ. ಅವನ್ನು ತೆರೆಯುತ್ತಾರೆಂದು ನನಗೇನು ಗೊತ್ತು?

ಡಬ್ಬಿ ಅಂದರೆ ಯಂತ್ರದ ನೆನಪಿನ ಖೋಲಿಯಂತೆ. ಯಜಮಾನರು ಕಾಗದ ನೋಡಿ ಒಂದೊಂದೇ ಸಾಲು ಓದುತ್ತಿದ್ದರು, ಬಾಯಿಯವರು ಮೊತ್ತದ ಡಬ್ಬಿಗೆ ಅಷ್ಟಷ್ಟು ಬೀಜ ಹಾಕುತ್ತಿದ್ದರು. ಕಡೆಗೆ ಸುರುವಿ ಎಣಿಸಿದರು.

"ಹೆಚ್ಚಿಗಿ ಬಂತಲ್ರಿ. ಎಣಸೂದು ತಪ್ಪೀರಿ," ಎಂದರು ಯಜಮಾನರು.

"ಇಲ್ರಿ ಸರ. ತಳದಾಗ ಮೊದಲs ಬೀಜ ಇದ್ದೂ. ನೀವs ಹಾಕೀರಿ ಅಂತ ಸುಮ್ಮನಾದೆ."

"ನಾ ಯಾಕ ಹಾಕ್ಲಿ?"

ಇಬ್ಬರೂ ನನ್ನ ಕಡೆ ನೋಡಿದರು. ಸೆರಗಿನ ತುದಿ ಸುತ್ತುತ್ತ ನಿಂತೆ. ಕಿವಿ ಬಿಸಿಯಾಗಿದ್ದವು.

"ನಾನs ಹಾಕೀನ್ರಿ. ಬರೇ ಡಬ್ಬಿ ಭಾಳ ಸಪ್ಪಳ ಮಾಡತಾವ ಅಂತ..."

ಯಜಮಾನರು ತೊಡೆ ತಟ್ಟಿಕೊಂಡರು. "ಸಿಕ್ತ ನೋಡ್ರಿ ಬಾಯಾರ! ಹಳೇ ಭಾಷಾದಾಗ ಖೋಲಿ ತಾನs ಬರಿದಾಗತಿತ್ತು. ಇಲ್ಲೆ ಹಿಂದಿನವ್ರು ಬಿಟ್ಟ ಹೋಗಿದ್ದು ಹಂಗs ಇರತದ. ಮೊದಲ ಸೊನ್ನಿ ಇಡ್ರಿ ಅಂತ ನಾವು ಬರದs ಇಲ್ಲ!"

ಬಾಯಿಯವರು ಕಾಗದದಲ್ಲಿ ಆ ಸಾಲು ಸೇರಿಸಿದರು. ಆಮೇಲೆ ಮುಚ್ಚಳ ತೆರೆದ ಡಬ್ಬಿಗಳನ್ನೊಮ್ಮೆ ನೋಡಿ ಬೇರೆ ಕಡೆ ಮುಖ ಮಾಡಿದರು.

"ವೈನಿ, ತಿಂಗಳ ಕಡೀಗೆ ನಮ್ಮ ಮನ್ಯಾಗೂ ಡಬ್ಬಿ ಬ್ಯಾಂಡ್ ಬಾರಸ್ತಾವ್ರಿ," ಎಂದು ನನಗೆ ಹೇಳಿ ನಕ್ಕರು.

ನನ್ನ ಮರ್ಯಾದೆ ಕಾಯಲೆಂದೇ ಆಡಿದ ಮಾತು. ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು. ಬೆಲ್ಲದ ಚಹಾ ಕೊಟ್ಟೆ. ಬಾಯಿಯವರು ಕುಡಿದು, ಲಕೋಟೆ ಅಂಟಿಸಿಕೊಂಡು ಬಸ್ಸಿಗೆ ಹೋದರು.

ಡಬ್ಬಿಗಳು ಮೊದಲೇ ಬರಿದಾಗಿದ್ದವೆಂದು ಯಜಮಾನರಿಗೆ ಆಗ ಹೊಳೆಯಿತು. ಈ ಲೆಕ್ಕಕ್ಕೋಸ್ಕರ ನಾನು ಡಬ್ಬಿ ಬರಿದು ಮಾಡಿ ತಂದೆನೆಂದು ತಿಳಿದಿದ್ದರಂತೆ.

"ಎಲ್ಲಾ ತೀರೇದ ಅಂತ ಹೇಳಬಾರದೇನ?"

"ಹೇಳೂಣಂದ್ರ ನೀವು ಆ ಪುಸ್ತಕದಾಗ ತಲಿ ಹಾಕಿರತಿದ್ರಿ."

ಅವರು ಬೀಜ ಆರಿಸಿ, ಡಬ್ಬಿ ಒರೆಸಿ, ತಾವೇ ಗೋಡೆಯ ಫಳಿಯ ಮೇಲೆ ಜೋಡಿಸಿದರು.

ರಾತ್ರಿ ಊಟಕ್ಕೆ ಮುಂಜಾನೆಯ ರೊಟ್ಟಿ, ಹಸಿ ಉಳ್ಳಾಗಡ್ಡಿ, ನೀರು ಮಜ್ಜಿಗೆ. ದಿನಾಲೂ ಮೊದಲು ಮಲಗುವವರು ಅವರು. ಅಂದು ನಾಚಿಕೆ ಇನ್ನೂ ಇಳಿಯದೆ ನಾನೇ ಗೋಡೆಯ ಕಡೆ ತಿರುಗಿ ಮೊದಲು ಮಲಗಿಬಿಟ್ಟೆ.